ಮಖಮಲ್ ಹಾಸಿದ ದಿನ

ಮಾರ್ಚ್ ೯, ಭಾನುವಾರ

ಅಕ್ಕಾ,

ಚೆನ್ನಾಗಿದೀಯಾ? ಭಾವ, ಪುಟ್ಟಿ ಹೇಗಿದಾರೆ? ನೀನು ಎರಡು ಕಾಗದ ಬರೆದೆ, ನಾನು ಉತ್ತರ ಹಾಕ್ಲಿಲ್ಲ. ಬೈಯೋದಿದ್ರೆ ಬೈದುಬಿಡು. ಏಳನೇ ಕ್ಲಾಸಿಗೇ ಸ್ಕೂಲಿಗೆ ಕೈ ಮುಗಿದೋನು, ಪೆನ್ನು ಹಿಡಿದ್ರೆ ಬೆರಳು ನೋಯುತ್ತೆ.

ಅಪ್ಪ ಹೇಗಿದಾರೆ ಅಂತ ಕೇಳಿದೀಯ. ಗಾರ್ಮೆಂಟ್ಸ್ ಕೆಲಸ ಹೋಗಿ ನಾಲ್ಕು ತಿಂಗಳಾಯ್ತು. ಈಗಲೂ ಆರಕ್ಕೇ ಎದ್ದು, ಗಡ್ಡ ಕೆರೆದು, ಇಸ್ತ್ರಿ ಅಂಗಿ ಹಾಕ್ಕೊಂಡು ಕುರ್ಚಿ ಮೇಲೆ ಕೂರ್ತಾರೆ. ಅಷ್ಟೇ. ಟೀ ಅಂಗಡೀಲಿ ಯಾವನೋ "ಏನ್ ಕಟಿಂಗ್ ಮಾಸ್ಟ್ರೇ, ದಿನಾ ಭಾನುವಾರಾನಾ?" ಅಂದನಂತೆ. ಅವತ್ತಿಂದ ಆ ಬೀದೀಗೇ ಕಾಲಿಟ್ಟಿಲ್ಲ. ಅಮ್ಮ ಬಡಿಸಿದ್ರೆ "ಸಾಕು, ಕೂತು ತಿನ್ನೋನಿಗೆ ಎಷ್ಟು ಬೇಕು" ಅಂತಾರೆ.

ಫ್ಯಾಕ್ಟರೀಲಿ ಈಗ ನಾನು ಅವರ ಮೇಜಲ್ಲೇ ಬಟ್ಟೆ ಕತ್ತರಿಸ್ತಿದೀನಿ. ಮೊನ್ನೆ ಕೆಲಸದಿಂದ ಬಂದೆ, ಅಪ್ಪ ಹಳೇ ಪೇಪರಲ್ಲಿ ಅಂಗಿ ತೋಳು ಕತ್ತರಿಸ್ತಾ ಕೂತಿದ್ರು. "ಗೆರೆ ಮೇಲೇ ಹೋಗಿದೆಯಾ ನೋಡೋ," ಅಂದ್ರು. "ನನ್ನ ತಲೆ ತಿನ್ಬೇಡಿ!" ಅಂತ ಕಿರುಚಿಬಿಟ್ಟೆ. ಪಾಪ, ಬಗ್ಗಿ ಚೂರು ಆರಿಸ್ಕೊಂಡ್ರು. "ದುಡೀತೀನಿ ಅಂತ ಕೊಬ್ಬೇನೋ?" ಅಂದ್ಲು ಅಮ್ಮ. ಕೊಬ್ಬಲ್ಲ ಅಕ್ಕ. ಗೆರೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ, ಅದಕ್ಕೇ ಕಿರುಚಿದ್ದು.

ಅಪ್ಪ ಮುಂದಿನ ವಾರ ನಿನ್ನ ಹತ್ರ ಬರ್ತಾರೆ, ಅಲ್ಲಿನ ದೊಡ್ಡಾಸ್ಪತ್ರೇಲಿ ಕಣ್ಣು ತೋರಿಸ್ಬೇಕಂತೆ. "ಕಣ್ಣು ಕೈ ಕೊಡ್ತು. ಇಲ್ದಿದ್ರೆ ಮೂವತ್ತು ವರ್ಷ ಮಾಡಿದ ಕೆಲಸ ಹೆಂಗೆ ತಪ್ಪಾಗುತ್ತೆ?" ದಿನಾ ಇದೇ ಮಾತು. ಚೆನ್ನಾಗಿ ನೋಡ್ಕೋ. ಪುಟ್ಟಿಗೊಂದು ಫ್ರಾಕು ಕತ್ತರಿಸಿಕೊಡಿ ಅಂತ ಕೇಳು.

ಭಾವಂಗೆ ನಮಸ್ಕಾರ, ಪುಟ್ಟಿಗೆ ಮುತ್ತು. ಎಲ್ಲರೂ ತಣ್ಣಗಿರಿ.

ನಿನ್ನ ತಮ್ಮ,
ಮೊಂಡ

ಇನ್ನೊಂದು ಮಾತು. ಅಪ್ಪನ ಕಣ್ಣಿಗೆ ಏನೂ ಆಗಿಲ್ಲ. ಮಖಮಲ್ ಬಟ್ಟೇಲಿ ರೋಮ ಒಂದೇ ಕಡೆ ಮಲಗಿರ್ಬೇಕು. ಒಂದು ಪದರ ಹಾಸಿ, ಕತ್ತರಿಸಿ, ಬರಿಗೈಲಿ ಮೇಜಿನ ಆ ತುದಿಗೆ ವಾಪಸ್ ನಡೆದು ಮತ್ತೆ ಹಾಸ್ಬೇಕು. ಅಪ್ಪನ ಕೆಲಸ ಕಳೆದ ಆ ಬಟ್ಟೇನ ಅವತ್ತು ಅರ್ಧ ಅಪ್ಪ ಹಾಸಿದ್ರು, ಅರ್ಧ ನಾನು. ನಡೆಯೋಕೆ ಸೋಮಾರಿತನ, ಹೋಗ್ತಾ ಬರ್ತಾ ಹಾಸಿಬಿಟ್ಟೆ, ಒಂದು ಪದರದ ರೋಮ ಆ ಕಡೆ, ಇನ್ನೊಂದರದು ಈ ಕಡೆ. ಹೊಲಿದ ಮೇಲೆ ಕೋಟಿನ ಒಂದು ತೋಳು ಕಪ್ಪು, ಒಂದು ತೋಳು ತಿಳಿ. ಇನ್ನೂರು ಕೋಟು ಹಾಳು. ಯಾರು ಹಾಸಿದ್ದು ಅಂತ ಮಾಲೀಕ ಕೇಳ್ದಾಗ ಅಪ್ಪ ನನ್ನ ಮುಖ ನೋಡಿದ್ರು. "ನಂದು ಸರಿಯಾಗೇ ಇದೆ," ಅಂದೆ. ನಂಬಿಬಿಟ್ರು ಅಕ್ಕ. "ಹಂಗಾದ್ರೆ ನಂದೇ," ಅಂದ್ರು.

ಡಾಕ್ಟ್ರು ಕಣ್ಣು ಸರಿಯಾಗಿದೆ ಅಂತಾರೆ. ಆಗ ಈ ಕಾಗದ ಅಪ್ಪನ ಕೈಗೆ ಕೊಡು. ನನಗೆ ಎದುರು ನಿಂತು ಹೇಳೋಕೆ ದಮ್ಮಿಲ್ಲ. ಅವರೇ ಓದ್ಕೋತಾರೆ, ಕನ್ನಡಕಾನೂ ಬೇಕಾಗಲ್ಲ.