ಆಸ್ಯಮ್ಮ ಕೇಳಿದ ಉತ್ತರ

ಮಂಗಳೂರು
೧೨ ನವೆಂಬರ್ ೧೯೬೪

ಪ್ರೀತಿಯ ಶುಕೂರ್,

ಈ ಕಾಗದವನ್ನು ನಿನ್ನ ಕೈಗೆ ಕೊಡುವವನು ನಮ್ಮ ಶಾಲೆಯ ಜೆರೋಮ್, ಈಗ ಬೊಂಬಾಯಿ-ಕರಾಚಿ ಹಡಗಿನ ಅಡುಗೆಯವನು. ವಿದೇಶಾಂಗ ಮಂತ್ರಿಯಾದವನು ಕರಾಚಿಯಲ್ಲಿ ಚಾ ಹೋಟೆಲು ಇಟ್ಟಿರುವ ಗೆಳೆಯನಿಗೆ ಅಂಚೆಯಲ್ಲಿ ಬರೆಯುವಂತಿಲ್ಲ. ಬರೆದರೆ ನಿನಗಿಂತ ಮೊದಲು ನಾಲ್ಕು ಜನ ಓದುತ್ತಾರೆ. ಅವರಲ್ಲಿ ಇಬ್ಬರು ನನ್ನ ಇಲಾಖೆಯವರೇ. ನಗಬೇಡ.

ನಿನ್ನೆ ಕುದ್ರೋಳಿಗೆ, ನಿನ್ನ ಉಮ್ಮನನ್ನು ನೋಡಲು ಹೋಗಿದ್ದೆ. ನಾವು ಬರಿಗಾಲಲ್ಲಿ ಓಡಾಡಿದ ಓಣಿಗೆ ಹೋಗಲು ಈಗ ನನಗೆ ಮೂರು ಕಾರು, ಎಂಟು ಪೊಲೀಸರು. ದಾರಿ ಬಂದ್ ಮಾಡಿದ್ದರಿಂದ ಮೀನಿನ ಹೆಂಗಸರು ಬುಟ್ಟಿ ಹೊತ್ತು ಮೂಲೆಯಲ್ಲಿ ನಿಂತು ತುಳುವಿನಲ್ಲಿ ಬೈಯುತ್ತಿದ್ದರು. ಜೊತೆಗಿದ್ದ ಕಲೆಕ್ಟರಿಗೆ ತಿಳಿಯಲಿಲ್ಲ, ನನಗೆ ಒಂದೊಂದು ಶಬ್ದವೂ ತಿಳಿಯಿತು. ಉಮ್ಮ ತುಂಬ ಇಳಿದುಹೋಗಿದ್ದಾರೆ. ಕಂಕನಾಡಿಯ ಡಾಕ್ಟರು ಇನ್ನು ಮನೆಯಲ್ಲೇ ಇರಲಿ ಎಂದು ಕಳಿಸಿದ್ದಾರಂತೆ. ನನ್ನ ಅಮ್ಮ ದೇಯಿ ತೀರಿಕೊಂಡ ಮೇಲೆ ನಿನ್ನ ಬಟ್ಟಲಿನ ಪಕ್ಕ ನನಗೂ ಬಟ್ಟಲಿಟ್ಟು ತಾಯಿಯಾದ ಆಸ್ಯಮ್ಮ ಅವರು. ನನ್ನನ್ನು ಕಂಡದ್ದೇ, ಈಗಲೂ ಮಗನೇ ಎಂದೇ ಕರೆದು ಕೇಳಿದರು: “ನೀನು ಮಂತ್ರಿ ಅಲ್ವಾ ಮೋನೇ? ಒಂದು ಚೀಟಿ ಬರೆದ್ರೆ ಶುಕೂರನನ್ನು ಇಲ್ಲಿಗೆ ಬರ್ಲಿಕ್ಕೆ ಬಿಡ್ತಾರಲ್ಲ?”

ನಿನ್ನ ವೀಸಾ ಅರ್ಜಿ ನನ್ನ ಮೇಜಿಗೆ ಬಂದಿದೆ. ಮೂರು ವರ್ಷದ ಹಿಂದೆ ಉಮ್ಮನಿಗೆ ಜ್ವರವೆಂದು ನೀನು ಅವಧಿ ಮುಗಿದ ಮೇಲೂ ಹನ್ನೊಂದು ದಿನ ಇಲ್ಲೇ ಉಳಿದೆ. ಹಾಗೆ ಉಳಿದವರಿಗೆ ಹತ್ತು ವರ್ಷ ಪ್ರವೇಶವಿಲ್ಲ. ಈ ನಿಯಮ ಬರೆದವನು ನಾನೇ, ಶುಕೂರ್. ೧೯೫೩ರಲ್ಲಿ ಕರಾಚಿಯ ನಮ್ಮ ಹೈಕಮಿಷನ್ ಕಚೇರಿಯಲ್ಲಿದ್ದಾಗ ನಿನ್ನ ಹೋಟೆಲಿನ ಬೆಂಚಿನ ಮೇಲೆಯೇ ಕೂತು ತಿದ್ದಿದ್ದೆ. ಕಾಗದಕ್ಕೆ ಚಾ ಚೆಲ್ಲೀತೆಂದು ನೀನು ಗ್ಲಾಸನ್ನು ದೂರ ಇಟ್ಟೆ. ಮಂತ್ರಿಗಳ ಚೀಟಿ ಹಿಡಿದು ಬರುವವರ ಕಾಟದಿಂದ ರೋಸಿಹೋಗಿ ಕೊನೆಗೆ ಒಂದು ಸಾಲು ಸೇರಿಸಿದೆ: ಮಂತ್ರಿಗಳು ಹೇಳಿದರೂ ಸಡಿಲಿಸತಕ್ಕದ್ದಲ್ಲ. ಆ ಸಾಲಿನಿಂದಲೇ ಮೇಲಿನವರ ಕಣ್ಣಿಗೆ ಬಿದ್ದೆ. ಕೈರೋ ಆಯಿತು, ರಾಯಭಾರಿಯಾದದ್ದಾಯಿತು, ಚುನಾವಣೆ ಗೆದ್ದು ಈ ಕುರ್ಚಿಯೂ ಆಯಿತು.

ಕಳೆದ ತಿಂಗಳು ಒಬ್ಬ ವಿಧವೆಯ ಮಗನ ಪರವಾಗಿ ಮಾತಾಡಿದ ಸದಸ್ಯರಿಗೆ ಸಂಸತ್ತಿನಲ್ಲಿ ಅದೇ ಸಾಲು ಓದಿ ಹೇಳಿದೆ. ನಮ್ಮವರು ಮೇಜು ತಟ್ಟಿದರು. ಅವಳ ಮಗನಿಗೆ ಇಲ್ಲ ಎಂದು ನನ್ನ ಗೆಳೆಯನಿಗೆ ಹೇಗೆ ಹೌದು ಎನ್ನಲಿ? ಆದರೂ ಮೂರು ಸಲ ನಿನ್ನ ಫೈಲು ತೆರೆದು ಪೆನ್ನು ಹಿಡಿದೆ, ಮೂರು ಸಲವೂ ಕೆಳಗಿಟ್ಟೆ. ಅದನ್ನು ನ್ಯಾಯ ಎಂದುಕೊಂಡಿದ್ದೇನೆ. ಅರ್ಧ ಹೆದರಿಕೆಯೇ.

ಉಮ್ಮನಿಗೆ “ನೋಡ್ತೇನೆ” ಎಂದೆ. ಎಷ್ಟೋ ರಾಜಧಾನಿಗಳಲ್ಲಿ ಆ ಮಾತು ಹೇಳಿ ನಾನು ಮರ್ಯಾದೆಯಿಂದ ಎದ್ದು ಬಂದಿದ್ದೇನೆ. ಉಮ್ಮ ನನ್ನ ಕೈ ಬಿಡಲಿಲ್ಲ.

“ನೋಡ್ತೇನೆ ಅಂತ ಹೇಳ್ಬೇಡ. ಎಂತ ಉಂಟು ಅದನ್ನು ಹೇಳು. ಆಗುದಿಲ್ಲ ಅಂತಾದ್ರೆ ಆಗುದಿಲ್ಲ ಅಂತ ಹೇಳು, ನಾನು ಕಾಯುದು ಬಿಡ್ತೇನೆ. ಹೀಗೆ ಕಾಯ್ತಾ ಇದ್ರೆ ಸಾಯ್ಲಿಕ್ಕೂ ಆಗುದಿಲ್ಲ ಮೋನೇ.”

ಆ ಒಂದು ಮಾತು ನನ್ನ ಬಾಯಿಂದ ಹೊರಡಲಿಲ್ಲ. “ಬರ್ತಾನೆ ಉಮ್ಮ” ಎಂದುಬಿಟ್ಟೆ. ನಾನು ಕಾರು ಹತ್ತುವಾಗ ನಿನ್ನ ತಂಗಿ ಹಬೀಬಾ ನೀನು ಬರುತ್ತೀಯೆಂದು ನಿನ್ನ ಚಾಪೆಯನ್ನು ಬಿಸಿಲಿಗೆ ಹಾಕುತ್ತಿದ್ದಳು.

ಇಂದು ನಾಲ್ಕು ಗಂಟೆಗೆ ಬಜಪೆಯಿಂದ ವಿಮಾನ. ನಾನು ಇಳಿದಿರುವ ಈ ಸರ್ಕಾರಿ ಬಂಗಲೆಯ ಬಾಗಿಲಲ್ಲಿ ಇಬ್ಬರು ಪೊಲೀಸರು, ಗೇಟಿನಲ್ಲಿ ನಾಲ್ವರು. ಬೆಳಿಗ್ಗೆ ನಿನಗೆ ಬೇರೊಂದು ಕಾಗದ ಬರೆದಿದ್ದೆ: ಹೋಟೆಲು ಬಿಟ್ಟು ಬರಲಾಗುವುದಿಲ್ಲ ಎಂದು ನೀನೇ ಉಮ್ಮನಿಗೆ ಬರೆದುಬಿಡು ಎಂದು. ನನ್ನ ತಪ್ಪನ್ನು ನಿನ್ನ ತಲೆಗೆ ಕಟ್ಟುವ ಜಾಣತನ. ನಾಚಿಕೆಯಾಗಿ ಹರಿದು ಹಾಕಿದೆ.

ಇನ್ನು ನೀನು ಆ ವೀಸಾ ಕಚೇರಿಯ ಮುಂದೆ ಸಾಲಿನಲ್ಲಿ ನಿಲ್ಲಬೇಡ. ಆಗುವುದಿಲ್ಲ, ಶುಕೂರ್.

ಬರೆಯಲು ಬಂತು. ಹೇಳಲು ಬರುತ್ತದೆಯೇ, ಗೊತ್ತಿಲ್ಲ. ಬಜಪೆಗೆ ಮೊದಲು ಕಾರನ್ನು ಕುದ್ರೋಳಿಗೆ ತಿರುಗಿಸಲು ಹೇಳಿದ್ದೇನೆ. ಹಬೀಬಾ ಚಾಪೆಯನ್ನು ಒಳಗೆ ತೆಗೆಯಲಿ.

ದೇವರು ನಿನ್ನ ಮಕ್ಕಳನ್ನು ಚೆನ್ನಾಗಿಟ್ಟಿರಲಿ. ಅವರಲ್ಲಿ ಯಾರೂ ನಿಯಮ ಬರೆಯುವ ಕೆಲಸಕ್ಕೆ ಸೇರದಿರಲಿ.

ಉಮ್ಮ ಇಟ್ಟ ಎರಡನೆಯ ಬಟ್ಟಲಿನಲ್ಲಿ ಉಂಡವನು,
ಲೋಕಯ್ಯ