ಅರ್ಧ ಗಂಟೆ ಮೊದಲು

ಡಾಕ್ಟರಮ್ಮನವರಿಗೆ ಮೂಲೆಮನೆ ಟೈಲರಮ್ಮ ಮಾಡುವ ನಮಸ್ಕಾರಗಳು.

ಹೋದ ತಿಂಗಳು ನನ್ನ ಮೊಣಕೈ ಮೇಲಿನ ನರಹುಲಿ ತೆಗೆಯುವ ಮುಂಚೆ ಮರಗಟ್ಟಿಸುವ ಜೆಲ್ ಕೊಟ್ಟಿದ್ದಿರಲ್ಲ, ಅದರ ಸಂಗತಿ ಹೇಳಬೇಕು. "ಅರ್ಧ ಗಂಟೆ ಮೊದ್ಲು ತೆಳ್ಳಗೆ ಹಚ್ಕೊಂಡು ಬಾ. ಗಾಯದ ಮೇಲೆ ಬೇಡ, ಮೈತುಂಬ ಬಳ್ಕೋಬೇಡ" ಅಂದಿದ್ದಿರಿ. ನೀವು ಕತ್ತರಿಸಿದ್ದೇ ನನಗೆ ತಿಳಿಯಲಿಲ್ಲ. ಟ್ಯೂಬಿನಲ್ಲಿ ಮುಕ್ಕಾಲು ಪಾಲು ಉಳಿಯಿತು. ಆಗ ನನ್ನ ಬುದ್ಧಿ ಓಡಿತು ನೋಡಿ.

ನಮ್ಮ ಯಜಮಾನರು ಆರಕ್ಕೆ ಬರುತ್ತಾರೆ. ಬಂದವರು ಚಪ್ಪಲಿಗಿಂತ ಮೊದಲು ಬೆಲ್ಟು ಬಿಚ್ಚುತ್ತಾರೆ. ಅದಕ್ಕೆ ಹೋದ ವಾರ ಒಂದು ದಿನ ನಾನು ಐದೂವರೆಗೇ ಬೆನ್ನಿಗೂ ತೋಳಿಗೂ ಜೆಲ್ ದಪ್ಪಗೆ ಮೆತ್ತಿಕೊಂಡೆ. ಹಿಂದಿನ ದಿನದ ಗಾಯಗಳನ್ನೂ ಬಿಡದೆ ಬಳಿದು, ಮೇಲೆ ಪ್ಲಾಸ್ಟಿಕ್ ಸುತ್ತಿಕೊಂಡೆ.

ಪೆಟ್ಟು ಬಿದ್ದಾಗ ನಾನು ಕೂಗಲಿಲ್ಲ.

"ಏನೇ, ಕಲ್ಲಾಗಿದ್ದೀಯಾ? ಇವತ್ತು ಕೂಗಿಸ್ದೆ ಬಿಡಲ್ಲ" ಎಂದು ಬೆಲ್ಟು ತಿರುಗಿಸಿ ಬಕಲಿನಿಂದ ಬಾರಿಸಿದರು. ಹಣೆ ಒಡೆದು ರಕ್ತ ಕಣ್ಣಿಗಿಳಿಯಿತು. ಅಷ್ಟರಲ್ಲಿ ಜೆಲ್ ಮೈಗೇರಿ, ತುಟಿ ಜೋಮು ಹಿಡಿದು, ಎದೆ ಡವಗುಟ್ಟಿ ಬಿದ್ದುಬಿಟ್ಟೆ.

ನನ್ನನ್ನು ನಿಮ್ಮಲ್ಲಿಗೆ ಹೊತ್ತು ತಂದ ನಾದಿನಿ "ಮೆಟ್ಟಿಲಿಂದ ಬಿದ್ಲು" ಎಂದಳು. "ಮೆಟ್ಟಿಲಿಗೆ ಬಕಲ್ ಇರುತ್ತೇನಮ್ಮ?" ಎಂದು ನೀವು ನನ್ನನ್ನೇ ಕೇಳಿದಿರಿ. ನಾನು ಹೌದೆಂದು ತಲೆಯಾಡಿಸಿದೆ. ನಮ್ಮ ಮನೆಗೆ ಮೆಟ್ಟಿಲೇ ಇಲ್ಲ, ಡಾಕ್ಟರಮ್ಮ.

ನಾಳೆ ಹಣೆಯ ಹೊಲಿಗೆ ಬಿಚ್ಚುವಾಗ ಆದದ್ದನ್ನು ಆದ ಹಾಗೇ ಒಂದು ಚೀಟಿಯಲ್ಲಿ ಬರೆದುಕೊಡಿ. ಮಗಳನ್ನೂ ಬಟ್ಟೆಯ ಚೀಲವನ್ನೂ ಜೊತೆಗೇ ತರುತ್ತೇನೆ; ನಿಮ್ಮಲ್ಲಿಂದ ನೇರ ಠಾಣೆಗೆ ಹೋಗುವವರಿದ್ದೇವೆ.

ಜೆಲ್ ಮಾತ್ರ ಹಚ್ಚಬೇಡಿ. ನಾನು ಜೋರಾಗಿ ಕೂಗಿದರೆ ಬೇಸರ ಮಾಡಿಕೊಳ್ಳಬೇಡಿ, ಕೂಗುವ ಅಭ್ಯಾಸ ತಪ್ಪಿಹೋಗಿದೆ, ಅಳತೆ ಸಿಗುವುದಿಲ್ಲ.

ಇಂತಿ,
ನಿಮ್ಮ ಟೈಲರಮ್ಮ