ಎಡದವಡೆ ಬಾಕಿ

ಮಾರ್ಚ್ 3, ರಾತ್ರಿ 2.40

ಕರಕರ ಸದ್ದಿಗೆ ಎಚ್ಚರವಾಯಿತು. ಇಲಿಯೆಂದುಕೊಂಡೆ. ತೊಟ್ಟಿಲ ಕಡೆ ನೋಡಿದೆ. ಚಿಳ್ಳೆ ಬಾಯಿ ತೆರೆದು ಮಲಗಿದ್ದಾಳೆ. ಸದ್ದು ನನ್ನದೇ. ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದೆ. ದಿಂಬಿನ ಮೇಲೆ ಮತ್ತೆ ಕಂದು ಕಲೆ. ಬಚ್ಚಲಿಗೆ ಹೋಗಿ ಉಗುಳಿದರೆ ಕೆಂಪು.

ರಕ್ತ ಬರುವ ಕಡೆ ಬ್ರಷ್ ಮುಟ್ಟಿಸುವುದನ್ನು ಬಿಟ್ಟು ಎಷ್ಟೋ ದಿನವಾಯಿತು. ಗಾಯ ಕೆದಕಬಾರದಲ್ಲ. ಆದರೂ ಮಾಯುತ್ತಿಲ್ಲ. ಬಸುರಿಯಾಗಿದ್ದಾಗ ಶುರುವಾದದ್ದು, ಹೆತ್ತ ಮೇಲೆ ತಾನೇ ಹೋಗುತ್ತದೆ ಅಂದಿದ್ದರು. ಮಗಳಿಗೆ ಒಂಬತ್ತು ತಿಂಗಳಾಯಿತು. ಇನ್ನು ಯಾವಾಗ ಹೋಗುವುದು?

ಎದ್ದಳು…

ಮಾರ್ಚ್ 5

ಅಕ್ಕ ಬಂದಿದ್ದಳು. ಊಟಕ್ಕೆ ಕೂತಾಗ, ಇವರ ಎದುರಿಗೇ: "ಲೇ, ಬಾಯಿಗೆ ಕೈ ಅಡ್ಡ ಇಟ್ಕೊಂಡು ಮಾತಾಡೋದು ಯಾವಾಗಿಂದ ಕಲಿತೆ? ಹೊಸ ಮದುವಣಗಿತ್ತಿ ಥರ!"

ನಕ್ಕೆ. ಅವಳು ನಗಲಿಲ್ಲ.

"ಕೋಪ ಮಾಡ್ಕೋಬೇಡ. ವಾಸನೆ ಬರ್ತಿದೆ ಕಣೇ. ಡಾಕ್ಟರಿಗೆ ತೋರ್ಸು."

ಇವರ ಮುಖ ನೋಡಿದೆ. ತಟ್ಟೆಯಿಂದ ಕಣ್ಣೆತ್ತಲಿಲ್ಲ. ಅಂದರೆ ಗೊತ್ತಿತ್ತು. ಎಷ್ಟು ದಿನದಿಂದಲೋ.

ಮೈಯೆಲ್ಲ ಉರಿದುಹೋಯಿತು. ಗಂಡನ ಮೇಲೆ ಬರಬೇಕಾದ ಕೋಪ ಅಕ್ಕನ ಮೇಲೆ ತಿರುಗಿತು. "ಒಂದು ಹೆತ್ತು ನೋಡು, ಆಮೇಲೆ ಬುದ್ಧಿ ಹೇಳು" ಅಂದುಬಿಟ್ಟೆ. ಅದೂ ಅವಳಿಗೆ. ಮಗುವಿಗಾಗಿ ಆಸ್ಪತ್ರೆ ಸುತ್ತಿ ಸುತ್ತಿ ಸಾಕಾಗಿ ಕೂತವಳಿಗೆ.

ತೊಡೆಯ ಮೇಲಿದ್ದ ಚಿಳ್ಳೆಯನ್ನು ಎತ್ತಿ ನನ್ನ ಕೈಗೆ ಕೊಟ್ಟಳು. ಚಪ್ಪಲಿ ಮೆಟ್ಟಿದಳು. ಕೈ ತೊಳೆದಳೋ ಇಲ್ಲವೋ.

ಮಾರ್ಚ್ 14

ತೋರಿಸಿಕೊಂಡು ಬಂದೆ. ಡಾಕ್ಟರಮ್ಮ ತೆಳ್ಳನೆಯ ಕಡ್ಡಿಯೊಂದನ್ನು ಹಲ್ಲು-ಒಸಡಿನ ಸಂದಿಗೆ ಇಳಿಸಿ ಆಳ ಅಳೆದರು. "ಮೂರು ಮಿಲಿಮೀಟರಿನ ಒಳಗಿದ್ರೆ ಚೆನ್ನ. ನಿಮ್ದು ಆರು, ಆರು, ಏಳು." ಎಡಗಡೆ ಕೆಳಗಿನ ದವಡೆ ಹಲ್ಲು ಆಗಲೇ ಅಲ್ಲಾಡುತ್ತಿದೆಯಂತೆ.

"ಕೊಯ್ಯಬೇಕಾ?"

"ಕತ್ತಿ ಆಮೇಲಿನ ಮಾತು ಬಿಡಿ. ಮೊದಲು ಒಸಡಿನ ಒಳಗೆ, ಬೇರಿನ ತನಕ ಕ್ಲೀನ್ ಮಾಡೋಣ. ಒಂದು ದಿನ ಬಲಗಡೆ, ಇನ್ನೊಂದು ದಿನ ಎಡಗಡೆ. ಮನೇಲಿ ನೀವು ಸರಿಯಾಗಿ ಉಜ್ಜಿದ್ರೆ ಒಸಡು ತಾನೇ ಬಿಗಿಯಾಗುತ್ತೆ."

ರಕ್ತ ಬರುತ್ತದೆಂದು ಉಜ್ಜುವುದನ್ನೇ ಬಿಟ್ಟಿದ್ದೆ ಅಂದೆ.

"ಕೊಳೆ ಕೂತಿರೋದಕ್ಕೇ ರಕ್ತ ಬರೋದು ಕಣಮ್ಮಾ. ಅಲ್ಲೇ ಉಜ್ಜಬೇಕು, ಮೆತ್ತಗೆ."

ಮಾರ್ಚ್ 22, ಸಂಜೆ

ಬಲಗಡೆ ಮುಗಿಯಿತು. ಇಂಜೆಕ್ಷನ್ ಕೊಟ್ಟರು. ಮಗುವಿಗೆ ಹಾಲೂಡಿಸಬಹುದಾ ಎಂದು ಮತ್ತೆ ಮತ್ತೆ ಕೇಳಿ ಬೇಸರ ಬರಿಸಿದೆ. ಧಾರಾಳವಾಗಿ ಊಡಿಸಿ ಅಂದರು. ನೋವಿರಲಿಲ್ಲ. ಕೆರೆಯುವ ಸದ್ದು ಮಾತ್ರ ತಲೆಬುರುಡೆಯೊಳಗೆ. ಇವರು ಹೊರಗೆ ಮಗಳನ್ನು ಎತ್ತಿಕೊಂಡು ಕೂತಿದ್ದವರು ನಮ್ಮನ್ನು ಮನೆಗೆ ಬಿಟ್ಟು ಆಫೀಸಿಗೆ ಓಡಿದರು.

ಅವಳಿಗೆ ಹಸಿವು. ಆಲೂಗೆಡ್ಡೆ ಬೇಯಿಸಿ ಮೆತ್ತಗೆ ಹಿಸುಕಿದೆ. ಚಮಚ ತುಟಿಗೆ ತಾಗಿಸಿ ಬಿಸಿ ನೋಡಿದೆ, ದಿನವೂ ನೋಡುವ ಹಾಗೆ. ಬಿಸಿಯಿಲ್ಲ. ಕೊಟ್ಟೆ.

ಆ ಕಿರುಚು.

ನಾನು ಬಲಗೈಯವಳು. ಚಮಚ ಹೋದದ್ದು ಬಲತುಟಿಗೆ. ಅದು ಇನ್ನೂ ಮರಗಟ್ಟಿತ್ತು. ಹೊಳೆಯಲೇ ಇಲ್ಲ… ಅವಳ ನಾಲಿಗೆಯ ತುದಿ ಕೆಂಪಾಗಿದೆ. ತಣ್ಣೀರು ಕುಡಿಸಿದೆ. ಎದೆಗೆ ಹಾಕಿಕೊಂಡರೆ ಕಚ್ಚಿಕೊಳ್ಳುತ್ತಾಳೆ, ಬಿಡುತ್ತಾಳೆ, ಅಳುತ್ತಾಳೆ. ನನ್ನ ಬಾಯಿ ಸೊಟ್ಟಗೆ. "ಇಲ್ಲ ಕಂದ" ಅನ್ನಲೂ ಬರಲಿಲ್ಲ.

ಮಾರ್ಚ್ 29

ಎಡಗಡೆಗೆ ಹೋಗಲಿಲ್ಲ. ಮಗುವಿಗೆ ಜ್ವರ ಎಂದು ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಜ್ವರವಿಲ್ಲ. ನಾಲಿಗೆಯೂ ವಾಸಿಯಾಗಿದೆ. ಚಮಚ ಕಂಡರೆ ಮುಖ ತಿರುಗಿಸುತ್ತಾಳೆ, ಅಷ್ಟೆ.

ಅಷ್ಟೆ!

ಮೇ 11

ಕ್ಲಿನಿಕ್ಕಿನವರೂ ಕರೆದು ಕರೆದು ಸುಮ್ಮನಾದರು. ಬಲಗಡೆ ಎರಡು ಹೊತ್ತೂ ಉಜ್ಜುತ್ತೇನೆ. ರಕ್ತವಿಲ್ಲ. ಎಡಗಡೆ ಅಗಿಯುವುದಕ್ಕೇ ಭಯ. "ಒಂದು ಹಲ್ಲು ತಾನೆ? ತೆಗೆಸಿ ಬಿಸಾಕು" ಅನ್ನುತ್ತಾ ಇವರು ಸೂಟ್‌ಕೇಸ್ ಮುಚ್ಚಿದರು. ಆಫೀಸಿನ ಕೆಲಸ. ಬರುವುದು ಮುಂದಿನ ವಾರ.

ಅಕ್ಕನಿಂದ ಸುದ್ದಿಯಿಲ್ಲ. ಯಾಕಾದರೂ ಇರಬೇಕು.

ಮೇ 13, ಸಂಜೆ

ಬೆಳಿಗ್ಗೆ ಎಡಗೆನ್ನೆ ಊದಿತ್ತು. ಮಗಳನ್ನು ಸೊಂಟದ ಮೇಲೆ ಹೊತ್ತುಕೊಂಡೇ ಹೋದೆ. ಕೀವು ತೆಗೆದರು. ಆಮೇಲೆ ಬಲಗಡೆ ಅಳೆದರು.

"ಮೂರು, ನಾಲ್ಕು, ಮೂರು. ನೋಡಿ, ಕತ್ತಿ ಮುಟ್ಟಿಸದೆ! ಎಡಗಡೆ ಏನು ಪಾಪ ಮಾಡಿತ್ತು?"

ನಿಜ ಹೇಳಿದೆ. ಆಲೂಗೆಡ್ಡೆ, ತುಟಿ, ಇಲ್ಲದ ಜ್ವರ. ಬೈಯಲಿಲ್ಲ. ಕೈಗವಸು ಬಿಚ್ಚಿದರು.

"ನಾನಾದ್ರೂ ಎಚ್ಚರಿಸಬೇಕಿತ್ತು. ನಾಳೆ ಒಂಬತ್ತಕ್ಕೆ ಬನ್ನಿ, ಎಡಗಡೆ ಕ್ಲೀನ್ ಮಾಡೋಣ. ನಾಡಿದ್ದಿನಿಂದ ನಾನು ರಜೆ, ಬರೋದು ಒಂದು ತಿಂಗಳಾಗುತ್ತೆ. ಅಲ್ಲೀ ತನಕ ಆ ಹಲ್ಲು ಕಾಯಲ್ಲ. ತಡ ಮಾಡಿದ್ರೆ ಪಕ್ಕದ ಹಲ್ಲಿಗೂ ಒಸಡು ಕೊಯ್ದೇ ನೋಡಬೇಕಾಗುತ್ತೆ. ಆದ್ರೆ ಒಂದು ಮಾತು. ಮರಗಟ್ಟಿದ್ದು ಇಳಿಯೋ ತನಕ ಮಗೂನ ನೋಡ್ಕೊಳ್ಳೋಕೆ ಜೊತೇಲಿ ಯಾರಾದ್ರೂ ಇರಲೇಬೇಕು."

ಯಾರಾದರೂ. ಕೆಳಗಿನ ಮನೆಯಾಕೆ ಬೆಳಿಗ್ಗೆಯೇ ಕೆಲಸಕ್ಕೆ ಹೋಗುತ್ತಾಳೆ. ಹೊಸಬರು ಎತ್ತಿಕೊಂಡರೆ ಇವಳು ಉಸಿರು ಕಟ್ಟಿ ಅಳುತ್ತಾಳೆ. ಸುಮ್ಮನೆ ಕೂತದ್ದು ಒಬ್ಬಳ ತೊಡೆಯ ಮೇಲೆ ಮಾತ್ರ.

ರಾತ್ರಿ 11.50

ಅಕ್ಕ,

ಫೋನ್‌ನಲ್ಲಿ ಬರೆದು ಅಳಿಸಿ, ಬರೆದು ಅಳಿಸಿ ಸಾಕಾಯಿತು. ಕರೆ ಮಾಡೋಣವೆಂದರೆ ನಿನ್ನ ದನಿ ಕೇಳಿದ ಕೂಡಲೇ ನನಗೆ ಅಳು ಬರುತ್ತದೆ, ಮಾತು ಬರುವುದಿಲ್ಲ. ಇಲ್ಲೇ ಪೆನ್ನಿನಲ್ಲಿ ಬರೆದು ಈ ಪುಟದ ಫೋಟೋ ಕಳಿಸುತ್ತಿದ್ದೇನೆ.

ನೀನು ಹೇಳಿದ್ದು ನಿಜ. ಬೇರೆ ಯಾರೂ ಹೇಳಲಿಲ್ಲ. ನಾನು ಆವತ್ತು ಅಂದದ್ದು ಬಾಯಿ ತಪ್ಪಿ ಬಂದದ್ದಲ್ಲ. ನಿನಗೆ ಎಲ್ಲಿ ನೋಯುತ್ತದೆಂದು ಗೊತ್ತಿದ್ದೇ ಅಂದದ್ದು. ಈಗ ಕೆಲಸ ಬಿದ್ದಾಗ ಕ್ಷಮೆ ಕೇಳುತ್ತಿದ್ದಾಳೆ ಅಂತೀಯ. ಹೌದು, ಹಾಗೇ.

ನಾಳೆ ಒಂಬತ್ತಕ್ಕೆ ಡಾಕ್ಟರ ಹತ್ತಿರ ಹೋಗಬೇಕು. ಮಧ್ಯಾಹ್ನದ ತನಕ ಚಿಳ್ಳೆಯನ್ನು ಎತ್ತಿಕೊಂಡಿರು. ಊಟ ನೀನೇ ಬಿಸಿ ನೋಡಿ ಕೊಡು. ನನ್ನೊಡನೆ ಮಾತಾಡದಿದ್ದರೂ ಸರಿ, ನನಗೆ ಹೇಗೂ ನಾಲಿಗೆ ಹೊರಳುವುದಿಲ್ಲ.

ನಾನು ಮಲಗುವುದಿಲ್ಲ. ಎಷ್ಟು ಹೊತ್ತಿಗಾದರೂ ಮಾಡು, ಬೆಳಗಾಗುವುದರೊಳಗೆ ಒಂದೇ ಒಂದು ಫೋನ್ ಮಾಡು ಅಕ್ಕ. ಬೈಯುವುದಕ್ಕಾದರೂ ಮಾಡು. ದನಿ ಕೇಳುವುದೇ ಬೇಡವೆನಿಸಿದರೆ ಒಂದು ರಿಂಗ್ ಕೊಟ್ಟು ಇಟ್ಟುಬಿಡು, ಬರುತ್ತೀ ಎಂದು ತಿಳಿದು ನಾನು ಬೆಳಿಗ್ಗೆ ಬಾಗಿಲು ತೆರೆದು ಕಾಯುತ್ತೇನೆ.